ಗಡಿಯ ಕೆಳಗಣ ನೀರು: ನೆರೆರಾಜ್ಯಗಳು ಒಂದೇ ಸೆಲೆಯನ್ನು ಹಂಚಿಕೊಂಡ ಬಗೆ

ಒಬ್ಬ ರೈತನ ತೋಟದಲ್ಲಿ ಬಾವಿಯೊಂದಿದ್ದು, ಅದರ ನೀರಿನಿಂದ ಆತನ ಅಡಕೆಯೂ ಬಾಳೆಯೂ ಹಲವು ವರ್ಷಗಳಿಂದ ಬೆಳೆದುಬರುತ್ತಿರುವಾಗ, ಬದುವಿನಾಚೆಯ ನೆರೆಯವನು ಅದಕ್ಕಿಂತ ಆಳವಾದ ಕೊಳವೆಬಾವಿಯನ್ನು ತೋಡಿಸಿ ಪಂಪನ್ನು ಇಳಿಸಿದನೆಂದರೆ, ಮುಂದಿನ ಬೇಸಗೆಯೊಳಗಾಗಿ ಮೊದಲಿನ ಬಾವಿಯ ತಳ ಕಾಣಿಸಿಕೊಳ್ಳುವುದನ್ನು ಗ್ರಾಮದ ಮುಖಂಡರೂ ಜಮೀನಿನ ಒಡೆಯರೂ ಕಣ್ಣಾರೆ ನೋಡಿಯೇ ಇರುವರು. ಬಾವಿ ಬತ್ತಿದವನು ಬಂದು ನ್ಯಾಯವನ್ನು ಕೇಳಿದರೆ, ಪಂಚಾಯಿತಿಗೆ ಕುಳಿತವರಿಗೆ ಉತ್ತರವು ಸುಲಭವಾಗಿ ತೋಚುವುದಿಲ್ಲ. ತೋಡಿಸಿದವನು ತನ್ನ ಸ್ವಂತ ಭೂಮಿಯಲ್ಲಿಯೇ ತೋಡಿಸಿದ್ದಾನೆ. ಬದುವನ್ನು ಒತ್ತಿಲ್ಲ, ಕಾಲುವೆಯನ್ನು ಮುರಿದಿಲ್ಲ, ತೂಬನ್ನು ಮುಟ್ಟಿಲ್ಲ. ಆದರೂ ನೆರೆಯವನಿಗೆ ನಷ್ಟವುಂಟಾದುದು ನಿಜ.

ಇದೇ ವ್ಯಾಜ್ಯವು ಇಬ್ಬರು ರೈತರ ನಡುವೆ ಹುಟ್ಟದೆ ಎರಡು ದೇಶಗಳ ನಡುವೆ ಹುಟ್ಟಿದರೆ ಏನಾಗತಕ್ಕದ್ದು? ಅಲ್ಲಿ ಇಬ್ಬರಿಗೂ ಹಿರಿಯನಾದ ಮುಖಂಡನಿಲ್ಲ. ಇಬ್ಬರನ್ನೂ ಕಟ್ಟುವ ಒಂದೇ ಕಾನೂನೂ ಇಲ್ಲ. ಭೂಮಿಯ ಮೇಲೆ ಗಡಿಕಲ್ಲನ್ನು ನೆಡಬಹುದಲ್ಲದೆ ಭೂಮಿಯ ಕೆಳಗೆ ನೆಡಲಾಗದು. ಹೀಗಿದ್ದರೂ ಕೆಲವು ರಾಜ್ಯಗಳು ಈ ಕಷ್ಟಕ್ಕೆ ದಾರಿಯನ್ನು ಕಂಡುಕೊಂಡಿವೆ. ಅವು ಕಂಡುಕೊಂಡ ದಾರಿಯು ನಮ್ಮ ಗ್ರಾಮಗಳಿಗೂ ಪ್ರಯೋಜನಕರವಾದುದರಿಂದ, ಅದನ್ನು ಇಲ್ಲಿ ಸಂಗ್ರಹವಾಗಿ ತಿಳಿಸಲಾಗಿದೆ.

೧. ಹಳೆಯ ನ್ಯಾಯ

ಮಳೆಯ ನೀರೂ ನದಿಯ ನೀರೂ ನೆಲದೊಳಗೆ ಇಳಿದು, ಮರಳು, ಗರಸು, ಸುಣ್ಣಕಲ್ಲು ಅಥವಾ ಬಿರುಕುಬಿಟ್ಟ ಬಂಡೆಯ ಸಂದುಗಳಲ್ಲಿ ನಿಂತು ಮೆಲ್ಲಮೆಲ್ಲನೆ ಸಾಗುವುವು. ಹೀಗೆ ನೀರನ್ನು ಹಿಡಿದಿಟ್ಟು ಹರಿಯಗೊಡುವ ಪದರಕ್ಕೆ ಜಲಧರವೆಂದು ಹೆಸರು. ಇದು ಕಣ್ಣಿಗೆ ಕಾಣದ ಕೆರೆಯಂತಿದ್ದು, ಇದರ ಮೇಲೆ ಜಮೀನಿರುವವರೆಲ್ಲರೂ ತಮ್ಮತಮ್ಮ ಬಾವಿಗಳ ಮೂಲಕ ಒಂದೇ ಕೆರೆಯಿಂದ ನೀರೆತ್ತುತ್ತಿರುವರು.

ಹಿಂದಿನ ನ್ಯಾಯಾಧೀಶರಿಗೆ ಈ ವಿಷಯವು ಸ್ಪಷ್ಟವಾಗಿ ತಿಳಿದಿರಲಿಲ್ಲ. ೧೮೪೩ರಲ್ಲಿ ಇಂಗ್ಲೆಂಡಿನಲ್ಲಿ ಹತ್ತಿಯ ಗಿರಣಿಯ ಯಜಮಾನನೊಬ್ಬನು, ನೆರೆಯ ಕಲ್ಲಿದ್ದಲ ಗಣಿಯವರು ತೋಡಿದ ಗುಂಡಿಗಳಿಂದ ತನ್ನ ಬಾವಿ ಬತ್ತಿತೆಂದು ದಾವೆಯನ್ನು ಹೂಡಿದನು. ನೆಲದೊಳಗಿನ ನೀರು ಹೇಗೆ ಹರಿಯುವುದೆಂಬುದನ್ನು ಯಾರೂ ಅರಿಯರು. ಭೂಮಿಯ ಒಡೆಯನು ತನ್ನ ಭೂಮಿಯಲ್ಲಿ ದೊರೆತುದನ್ನು ಬಳಸಿಕೊಳ್ಳಬಹುದು. ಅದರಿಂದ ನೆರೆಯವನ ಬಾವಿ ಬತ್ತಿದರೆ ಪರಿಹಾರವಿಲ್ಲ ಎಂಬುದು ಆ ತೀರ್ಪಿನ ಸಾರಾಂಶ. ನಮ್ಮ ದೇಶದ ೧೮೮೨ರ ಈಸ್‌ಮೆಂಟ್ ಆಕ್ಟಿನಲ್ಲಿಯೂ ಇದೇ ತತ್ತ್ವವು ಸೇರಿಹೋಯಿತು. ಗೊತ್ತಾದ ಪಾತ್ರದಲ್ಲಿ ಹರಿಯದ ಒಳನೀರನ್ನು ತನ್ನ ಎಲ್ಲೆಯೊಳಗೆ ಕೂಡಿಹಾಕಿ ಬಳಸಿಕೊಳ್ಳುವ ಹಕ್ಕು ಭೂಮಿಯ ಒಡೆಯನಿಗೆ ಉಂಟೆಂದು ಅದರಲ್ಲಿ ಹೇಳಿದೆ.

ಈ ನ್ಯಾಯವು ನಿಂತಿದ್ದುದು ಅಜ್ಞಾನದ ಆಧಾರದ ಮೇಲೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂಬುದನ್ನು ತೋರಿಸಿಕೊಡಲು ಸಾಧ್ಯವಾದ ದಿನದಿಂದ ಆ ಆಧಾರವು ಸಡಿಲವಾಗತೊಡಗಿತು.

೨. ಮುಳುಗಿದ ನದಿಯ ವ್ಯಾಜ್ಯ

ಜರ್ಮನಿಯಲ್ಲಿ ಹುಟ್ಟಿ ಕಪ್ಪುಸಮುದ್ರವನ್ನು ಸೇರುವ ಡಾನ್ಯೂಬ್ ನದಿಯು, ಇಮ್ಮೆಂಡಿಂಗೆನ್ ಎಂಬ ಊರಿನ ಬಳಿಯಲ್ಲಿ ಸುಣ್ಣಕಲ್ಲಿನ ಬಿರುಕುಗಳೊಳಗೆ ಇಳಿದುಹೋಗುತ್ತದೆ. ವರ್ಷದಲ್ಲಿ ಅನೇಕ ದಿನಗಳು ಅಲ್ಲಿಂದ ಮುಂದಿನ ಪಾತ್ರವು ಪೂರ್ತಿಯಾಗಿ ಒಣಗಿರುವುದು. ಸುಮಾರು ೧೨ ಕಿಲೋಮೀಟರು ದೂರದಲ್ಲಿ ಆಖ್ ಎಂಬಲ್ಲಿ ದೊಡ್ಡ ಊಟೆಯೊಂದು ಉಕ್ಕುತ್ತಿದ್ದು, ಅದರ ನೀರು ರೈನ್ ನದಿಯ ಕಡೆಗೆ ಹರಿಯುತ್ತದೆ. ೧೮೭೭ರಲ್ಲಿ ಕ್ನೋಪ್ ಎಂಬ ಭೂಶಾಸ್ತ್ರಜ್ಞನು ಡಾನ್ಯೂಬ್ ಇಳಿಯುವ ಜಾಗದಲ್ಲಿ ಉಪ್ಪು, ಎಣ್ಣೆ ಮತ್ತು ಹೊಳೆಯುವ ಬಣ್ಣಗಳನ್ನು ಸುರಿಸಲಾಗಿ, ಸುಮಾರು ಎರಡೂವರೆ ದಿನಗಳ ತರುವಾಯ ಆಖ್ ಊಟೆಯ ನೀರು ಹಸುರಾಗಿ ಹೊಳೆಯಿತು. ಇಲ್ಲಿ ಮುಳುಗಿದ ನೀರೇ ಅಲ್ಲಿ ಏಳುತ್ತಿದೆಯೆಂಬುದರಲ್ಲಿ ಸಂದೇಹವುಳಿಯಲಿಲ್ಲ.

ನದಿಯು ಮುಳುಗುವ ಜಾಗವು ಬಾಡೆನ್ ಸಂಸ್ಥಾನದ್ದು. ನೀರನ್ನು ಕಳೆದುಕೊಂಡವರು ಕೆಳಭಾಗದ ವುರ್ಟೆಂಬರ್ಗ್ ಮತ್ತು ಪ್ರಷ್ಯಾ ಸಂಸ್ಥಾನದವರು. ಬಾಡೆನ್ನಿನವರು ಕಟ್ಟೆಗಳಿಂದ ನೀರನ್ನು ಇನ್ನಷ್ಟು ಮುಳುಗಿಸುತ್ತಿದ್ದಾರೆಂದು ಕೆಳಗಿನವರೂ, ಸಹಜವಾಗಿ ಇಳಿಯುವ ನೀರನ್ನು ಕೆಳಗಿನವರು ತಡೆಯುತ್ತಿದ್ದಾರೆಂದು ಬಾಡೆನ್ನಿನವರೂ ದೂರಿದರು. ೧೯೨೭ರ ಜೂನ್ ತಿಂಗಳಿನಲ್ಲಿ ಜರ್ಮನಿಯ ರಾಜ್ಯನ್ಯಾಯಾಲಯವು, ಈ ಸಂಸ್ಥಾನಗಳ ನಡುವೆ ದೇಶದೇಶಗಳ ನಡುವಿನ ಧರ್ಮವೇ ಅನ್ವಯಿಸತಕ್ಕದ್ದೆಂದು ಹೇಳಿ ಒಂದು ವಿವೇಕದ ಆಜ್ಞೆಯನ್ನು ಮಾಡಿತು. ಪ್ರಕೃತಿಯಿಂದಲೇ ಮುಳುಗುವ ನೀರನ್ನು ಕೆಳಗಿನವರು ಸಹಿಸಿಕೊಳ್ಳಬೇಕು. ಮನುಷ್ಯನ ಕೆಲಸದಿಂದ ಹೆಚ್ಚಾಗುವ ನಷ್ಟವನ್ನು ಸಹಿಸಬೇಕಾಗಿಲ್ಲ. ಅದೇ ರೀತಿಯಲ್ಲಿ, ಪ್ರಕೃತಿಯು ಊಟೆಗೆ ಕೊಡುವ ಪಾಲನ್ನು ಕೆಳಗಿನವರೂ ಕಸಿಯಕೂಡದು. ನೆಲದೊಳಗಿನ ನೀರನ್ನು ಕುರಿತು ರಾಜ್ಯಗಳ ನಡುವೆ ನಡೆದ ಹಳೆಯ ವ್ಯಾಜ್ಯಗಳಲ್ಲಿ ಇದು ಮುಖ್ಯವಾದುದೆಂದು ಇಂದಿಗೂ ಕಾನೂನಿನ ಪಂಡಿತರು ಎಣಿಸುವರು.

೩. ಜಿನೀವಾದವರ ಒಪ್ಪಂದ

ತೀರ್ಪು ಬಂದ ಮಾತ್ರಕ್ಕೆ ಬಾವಿಯಲ್ಲಿ ನೀರು ಏರುವುದಿಲ್ಲ. ನೀರನ್ನು ಏರಿಸಿದವರ ಕಥೆಯು ಸ್ವಿಟ್ಸರ್ಲೆಂಡಿನ ಜಿನೀವಾ ಪ್ರಾಂತಕ್ಕೂ ಫ್ರಾನ್ಸಿನ ಓಟ್ ಸಾವ್ವಾ ಜಿಲ್ಲೆಗೂ ಸೇರಿದುದು.

ಜಿನೀವಾ ಸರೋವರದ ದಕ್ಷಿಣದಲ್ಲಿ ಸುಮಾರು ೧೯ ಕಿಲೋಮೀಟರು ಉದ್ದ, ೧ರಿಂದ ೩.೫ ಕಿಲೋಮೀಟರು ಅಗಲವುಳ್ಳ ಗರಸಿನ ಜಲಧರವೊಂದು ಎರಡು ದೇಶಗಳ ಗಡಿಯ ಕೆಳಗೆ ಹಾಸಿಕೊಂಡಿದೆ. ಆರ್ವ್ ಎಂಬ ನದಿಯಿಂದ ಇಳಿಯುವ ನೀರೇ ಅದರ ಮುಖ್ಯ ಆಧಾರ. ವರ್ಷಕ್ಕೆ ಸರಾಸರಿ ೭೫ ಲಕ್ಷ ಘನ ಮೀಟರು ನೀರು ಸಹಜವಾಗಿ ಅದನ್ನು ಸೇರುವುದೆಂದು ಲೆಕ್ಕ. ೧೯೬೦ರವರೆಗೆ ಎತ್ತುವ ನೀರೂ ಇಳಿಯುವ ನೀರೂ ಹೆಚ್ಚುಕಡಮೆ ಸರಿಸಮವಾಗಿದ್ದವು. ಆ ತರುವಾಯ ಎರಡೂ ಕಡೆಯವರು ತಮತಮಗೆ ಬೇಕಾದಷ್ಟನ್ನು ಎತ್ತತೊಡಗಿ, ೧೯೭೧ರಲ್ಲಿ ಎತ್ತುವಳಿಯು ೧ ಕೋಟಿ ೪೦ ಲಕ್ಷ ಘನ ಮೀಟರಿಗೆ ಏರಿತು. ಆದಾಯದ ಎರಡರಷ್ಟು ಖರ್ಚು ಮಾಡುವ ಮನೆಯ ಗತಿಯೇ ಆ ಜಲಧರಕ್ಕೂ ಆಯಿತು. ಇಪ್ಪತ್ತು ವರ್ಷಗಳಲ್ಲಿ ನೀರಿನ ಮಟ್ಟವು ೭ ಮೀಟರಿಗಿಂತ ಹೆಚ್ಚು ಕುಸಿದು, ಸಂಗ್ರಹದ ಮೂರರಲ್ಲೊಂದು ಪಾಲು ಖಾಲಿಯಾಯಿತು. ಕೆಲವು ಬಾವಿಗಳನ್ನು ನಿಲ್ಲಿಸಬೇಕಾಗಿ ಬಂತು.

ಆಗ ಜಿನೀವಾದವರಿಗೆ ಒಂದು ಉಪಾಯ ತೋರಿತು. ಆರ್ವ್ ನದಿಯ ನೀರನ್ನೇ ಶುದ್ಧಿಮಾಡಿ ನೆಲದೊಳಗೆ ಇಳಿಸಿದರೆ ಜಲಧರವು ಮತ್ತೆ ತುಂಬುವುದು. ಸರೋವರದ ನೀರನ್ನು ಶುದ್ಧಿಮಾಡುವ ಹೊಸ ಕಾರ್ಖಾನೆಗಿಂತ ಇದಕ್ಕೆ ತಗಲುವ ವೆಚ್ಚವೂ ಕಡಮೆ. ಆದರೆ ಇಲ್ಲಿಯೇ ತೊಡಕು ಇದ್ದುದು. ಜಿನೀವಾದವರು ತಮ್ಮ ಹಣದಿಂದ ಇಳಿಸಿದ ನೀರು ಗಡಿಯನ್ನು ನೋಡಿ ನಿಲ್ಲುವುದಿಲ್ಲವಷ್ಟೆ! ಫ್ರಾನ್ಸಿನವರು ತಮ್ಮ ಬಾವಿಗಳಿಂದ ಅದನ್ನು ಎತ್ತಿಕೊಂಡರೆ ತಡೆಯುವವರಾರು? ತನ್ನ ಹೊಲದಲ್ಲಿ ಇಂಗುಗುಂಡಿಯನ್ನು ತೋಡಿಸಿದ ರೈತನು, ಅದರ ಫಲವು ನೆರೆಯವನ ಕೊಳವೆಬಾವಿಗೆ ಹೋಗುವುದನ್ನು ಕಂಡು ಕೈಬಿಡುವುದು ನಮ್ಮಲ್ಲಿಯೂ ಉಂಟು. ಅತ್ತ ಫ್ರಾನ್ಸಿನವರಿಗೂ ಸಂಕೋಚವಿತ್ತು. ತಮ್ಮ ಬಳಕೆಯು ಸ್ವಲ್ಪ, ಜಲಧರವನ್ನು ಬರಿದುಮಾಡಿದವರು ಮುಖ್ಯವಾಗಿ ಜಿನೀವಾದವರು. ಹೀಗಿರುವಾಗ ಕಾರ್ಖಾನೆಯ ವೆಚ್ಚದಲ್ಲಿ ತಾವು ಸಮಪಾಲನ್ನು ಏಕೆ ಹೊರಬೇಕು? ಎರಡು ಕಡೆಯ ಮಾತಿನಲ್ಲಿಯೂ ನ್ಯಾಯವಿದ್ದುದರಿಂದಲೇ ಮಾತುಕತೆಯು ೧೯೭೨ರಿಂದ ಹಲವು ವರ್ಷಗಳ ಕಾಲ ನಡೆಯಿತು.

ಕಡೆಗೆ ೧೯೭೮ರ ಜೂನ್ ೯ರಂದು ಜಿನೀವಾ ಪ್ರಾಂತದ ಸರ್ಕಾರವೂ ಓಟ್ ಸಾವ್ವಾ ಜಿಲ್ಲಾಧಿಕಾರಿಯೂ ಒಪ್ಪಂದಕ್ಕೆ ರುಜುಮಾಡಿದರು. ಅದರ ಮುಖ್ಯಾಂಶಗಳು ಇವು. ಇಳಿಸುವ ಕಾರ್ಖಾನೆಯನ್ನು ಜಿನೀವಾದವರೇ ಕಟ್ಟಿ ನಡೆಸತಕ್ಕದ್ದು. ಅದು ಅವರ ಸ್ವತ್ತು. ಫ್ರಾನ್ಸಿನವರು ವರ್ಷಕ್ಕೆ ೫೦ ಲಕ್ಷ ಘನ ಮೀಟರಿಗೆ ಮೀರದಂತೆ ನೀರೆತ್ತಬಹುದು. ಅದರಲ್ಲಿ ೨೦ ಲಕ್ಷವು ಸಹಜವಾಗಿ ಇಳಿಯುವ ನೀರಿನಲ್ಲಿ ಅವರಿಗೆ ಸಲ್ಲುವ ಪಾಲಾದುದರಿಂದ ಅದಕ್ಕೆ ಹಣವಿಲ್ಲ. ಅದಕ್ಕೆ ಮೀರಿದರೆ ಕಾರ್ಖಾನೆಯ ವೆಚ್ಚದಲ್ಲಿ ತಕ್ಕ ಭಾಗವನ್ನು ಕೊಡತಕ್ಕದ್ದು. ಎರಡು ಕಡೆಯ ಪ್ರತಿಯೊಂದು ಬಾವಿಗೂ ಅಳತೆಯ ಯಂತ್ರವಿರಬೇಕು. ಕಡೆಗೆ ಮೂವರಂತೆ ಆರು ಜನರ ಸಮಿತಿಯು ವರ್ಷವರ್ಷದ ಬಳಕೆಯನ್ನು ಗೊತ್ತುಮಾಡಿ ಲೆಕ್ಕವನ್ನು ಪರೀಕ್ಷಿಸತಕ್ಕದ್ದು. ಆ ಮೂವರಲ್ಲಿ ಇಬ್ಬರಾದರೂ ನೀರಿನ ವಿಷಯವನ್ನು ಬಲ್ಲ ತಜ್ಞರಾಗಿರತಕ್ಕದ್ದು.

ವೆಸ್ಸಿ ಎಂಬಲ್ಲಿಯ ಕಾರ್ಖಾನೆಯು ೧೯೮೦ರಲ್ಲಿ ಕೆಲಸವನ್ನು ಪ್ರಾರಂಭಿಸಿತು. ನದಿಯ ನೀರನ್ನು ಮೊದಲು ಸೋಸಿ, ನೆಲದೊಳಗೆ ಹೂಳಿರುವ ರಂಧ್ರಗಳುಳ್ಳ ಕೊಳವೆಗಳ ಮೂಲಕ ಗರಸಿಗೆ ಬಿಡುತ್ತಾರೆ. ನದಿಯಲ್ಲಿ ಕೆನ್ನೀರು ಬಂದಾಗ ಯಂತ್ರವನ್ನು ನಿಲ್ಲಿಸುತ್ತಾರೆ. ಏತಕ್ಕೆಂದರೆ, ರೇವೆಯು ಒಳಗೆ ಸೇರಿದರೆ ಇಂಗುವ ದಾರಿಯೇ ಕಟ್ಟಿಹೋಗುವುದು. ಕೆಲವು ವರ್ಷಗಳಲ್ಲಿಯೇ ಜಲಧರದ ಮಟ್ಟವು ಮತ್ತೆ ಏರಿತು. ಮೂವತ್ತು ವರ್ಷಗಳ ಅವಧಿ ಮುಗಿದ ಮೇಲೆ ೨೦೦೮ರ ಜನವರಿ ೧ರಿಂದ ಇನ್ನೂ ಮೂವತ್ತು ವರ್ಷಗಳಿಗೆ ಹೊಸ ಒಪ್ಪಂದವಾಯಿತು. ಈ ಸಲ ಫ್ರಾನ್ಸಿನ ಕಡೆಯಿಂದ ರುಜುಮಾಡಿದವರು ಜಿಲ್ಲಾಧಿಕಾರಿಯಲ್ಲ. ಆ ನೀರನ್ನು ಕುಡಿಯುವ ಊರುಗಳ ಸ್ಥಳೀಯ ಸಭೆಗಳು ಮತ್ತು ಅವುಗಳ ಒಕ್ಕೂಟಗಳು. ಎರಡು ದೇಶಗಳ ನಡುವಿನ ನೀರಿನ ಕರಾರಿನಲ್ಲಿ ಗ್ರಾಮದ ಮುಖಂಡರೇ ಕಕ್ಷಿಗಾರರಾದುದನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸತಕ್ಕದ್ದು.

೪. ಮತ್ತೆ ತುಂಬದ ನೀರು

ಎಲ್ಲ ಜಲಧರಗಳೂ ಹೀಗೆ ತುಂಬತಕ್ಕವುಗಳಲ್ಲ. ಸೌದಿ ಅರೇಬಿಯಾಕ್ಕೂ ಜೋರ್ಡಾನ್ ದೇಶಕ್ಕೂ ನಡುವೆ ಮರುಭೂಮಿಯ ಕೆಳಗಿರುವ ಮರಳುಗಲ್ಲಿನ ಪದರದಲ್ಲಿ ಸಾವಿರಾರು ವರ್ಷಗಳ ಹಿಂದೆ ಬಿದ್ದ ಮಳೆಯ ನೀರಿದೆ. ಈಗ ಅದಕ್ಕೆ ಸೇರುವ ನೀರು ಅತ್ಯಲ್ಪ. ಅದು ಹಿರಿಯರು ಹೂಳಿಟ್ಟುಹೋದ ನಿಧಿಯಂತೆ. ತೆಗೆದಷ್ಟೂ ಕಡಮೆಯಾಗುವುದಲ್ಲದೆ ಬೆಳೆಯಲಾರದು.

ಸೌದಿ ಸರ್ಕಾರದವರು ೧೯೮೦ರ ದಶಕದಲ್ಲಿ ಇಂತಹ ಪುರಾತನವಾದ ನೀರನ್ನು ಪಂಪುಗಳಿಂದ ಎತ್ತಿಸಿ, ರೈತರಿಗೆ ಹೆಚ್ಚಿನ ಬೆಲೆಯನ್ನು ಕೊಟ್ಟು ಮರುಭೂಮಿಯಲ್ಲಿ ಗೋದಿಯನ್ನು ಬೆಳೆಸಿದರು. ದೇಶಕ್ಕೆ ಸಾಕಾಗಿ ಉಳಿದುದನ್ನು ಹೊರದೇಶಗಳಿಗೂ ಕಳುಹಿಸಿದರು. ಆದರೆ ನೀರು ತೀರುತ್ತಿರುವುದು ಕಂಡುಬಂದಮೇಲೆ, ೨೦೦೮ರಿಂದ ಆ ಖರೀದಿಯನ್ನು ಕ್ರಮಕ್ರಮವಾಗಿ ತಗ್ಗಿಸಿ ೨೦೧೬ರ ಹೊತ್ತಿಗೆ ನಿಲ್ಲಿಸಿದರು. ಅತ್ತ ಜೋರ್ಡಾನಿನವರು ಅದೇ ಜಲಧರದ ದೀಸಿ ಎಂಬ ಭಾಗದಿಂದ ರಾಜಧಾನಿಯಾದ ಅಮ್ಮಾನಿಗೆ ೩೦೦ ಕಿಲೋಮೀಟರಿಗೂ ಉದ್ದವಾದ ಕೊಳವೆಯನ್ನು ಹಾಕಿ, ೨೦೧೩ರಿಂದ ವರ್ಷಕ್ಕೆ ಸುಮಾರು ೧೦ ಕೋಟಿ ಘನ ಮೀಟರು ಕುಡಿಯುವ ನೀರನ್ನು ಒಯ್ಯತೊಡಗಿದರು.

೨೦೧೫ರ ಏಪ್ರಿಲ್ ೩೦ರಂದು ಈ ಎರಡು ದೇಶಗಳು ಮಾಡಿಕೊಂಡ ಒಪ್ಪಂದವು ಬಹಳ ಚಿಕ್ಕದು. ನೀರನ್ನು ಇಷ್ಟಿಷ್ಟೆಂದು ಹಂಚುವ ಬದಲು, ಗಡಿಯ ಎರಡು ಪಕ್ಕಗಳಲ್ಲಿಯೂ ಒಂದು ಪಟ್ಟಿಯನ್ನು ಗುರುತುಮಾಡಿ, ಅದರೊಳಗೆ ಅಂತರ್ಜಲವನ್ನು ಎತ್ತುವ ಕೆಲಸಗಳು ಐದು ವರ್ಷಗಳೊಳಗೆ ನಿಲ್ಲತಕ್ಕದ್ದೆಂದು ಗೊತ್ತುಮಾಡಿದರು. ಅದರಾಚೆಗೆ ಇನ್ನೊಂದು ಪ್ರದೇಶದಲ್ಲಿ ಎತ್ತುವಳಿಯು ಜಂಟಿ ಸಮಿತಿಯ ಕಣ್ಣಿನಡಿಯಲ್ಲಿ ನಡೆಯಬೇಕು; ಜಲಧರಕ್ಕೆ ಕೊಳೆಯು ಸೇರದಂತೆ ಕಾಯಬೇಕು. ಬದುವಿನ ಎರಡು ಮಗ್ಗುಲಲ್ಲಿಯೂ ಯಾರೂ ಬಾವಿಯನ್ನು ತೋಡಕೂಡದೆಂದು ನೆರೆಹೊರೆಯವರು ಮಾತುಕೊಟ್ಟಂತೆ ಇದು.

೫. ರಾಷ್ಟ್ರಗಳ ಧರ್ಮಸೂತ್ರಗಳು

ಇಂತಹ ಅನುಭವಗಳನ್ನು ಒಟ್ಟುಗೂಡಿಸಿ, ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗವು ಜಪಾನಿನ ಯಮಾದಾ ಎಂಬವರ ನೇತೃತ್ವದಲ್ಲಿ ೧೯ ಸೂತ್ರಗಳನ್ನು ಸಿದ್ಧಪಡಿಸಿತು. ೨೦೦೮ರ ಡಿಸೆಂಬರ್ ೧೧ರಂದು ವಿಶ್ವಸಂಸ್ಥೆಯ ಮಹಾಸಭೆಯು ಅವುಗಳನ್ನು ಸ್ವೀಕರಿಸಿ ರಾಜ್ಯಗಳ ಗಮನಕ್ಕೆ ತಂದಿತು. ಅವುಗಳ ತಿರುಳು ಹೀಗಿದೆ. ಜಲಧರದ ನೀರನ್ನು ಆಯಾ ದೇಶದವರು ನ್ಯಾಯವಾಗಿಯೂ ಮಿತವಾಗಿಯೂ ಬಳಸತಕ್ಕದ್ದು. ನೆರೆದೇಶಕ್ಕೆ ಗಣನೀಯವಾದ ಹಾನಿಯನ್ನು ಮಾಡಕೂಡದು. ಅಳತೆಯ ವಿವರಗಳನ್ನು ಪರಸ್ಪರ ತಿಳಿಸುತ್ತಿರಬೇಕು. ನೀರು ಇಂಗುವ ಜಾಗಗಳನ್ನೂ ಊಟೆಯಾಗಿ ಏಳುವ ಜಾಗಗಳನ್ನೂ ಕಾಪಾಡಬೇಕು. ನೆರೆಯವರಿಗೆ ಬಾಧಕವಾಗಬಹುದಾದ ದೊಡ್ಡ ಕೆಲಸವನ್ನು ಕೈಗೊಳ್ಳುವ ಮುನ್ನ ಅವರಿಗೆ ತಿಳಿಸಬೇಕು. ಪಾಲನ್ನು ತೂಗಿನೋಡುವಾಗ ಕುಡಿಯುವ ನೀರಿನಂತಹ ಜೀವನಾವಶ್ಯಕವಾದ ಬಳಕೆಗೆ ವಿಶೇಷ ಗಮನ ಸಲ್ಲತಕ್ಕದ್ದು.

ಈ ಸೂತ್ರಗಳಲ್ಲಿ ಒಂದು ಕೊರತೆಯನ್ನು ಪಂಡಿತರು ಎತ್ತಿ ತೋರಿಸಿದ್ದಾರೆ. ತನ್ನ ಗಡಿಯೊಳಗಿರುವ ಜಲಧರದ ಭಾಗಕ್ಕೆ ಆಯಾ ದೇಶವೇ ಒಡೆಯನೆಂದು ಒಂದು ಸೂತ್ರವು ಹೇಳುತ್ತದೆ. ಹರಿದಾಡುವ ನೀರಿಗೆ ತುಂಡುತುಂಡಾದ ಒಡೆತನವೆಂಬುದು ೧೮೪೩ರ ಹಳೆಯ ನ್ಯಾಯವನ್ನು ಹಿಂಬಾಗಿಲಿನಿಂದ ಕರೆತರುವುದಲ್ಲವೆ ಎಂಬುದು ಅವರ ಶಂಕೆ. ಅಲ್ಲದೆ ಈ ಸೂತ್ರಗಳು ದಾರಿದೀಪಗಳೇ ಹೊರತು, ಮೀರಿದವರನ್ನು ಹಿಡಿದು ನಿಲ್ಲಿಸುವ ಕಾನೂನಲ್ಲ. ಆದರೂ ಇವುಗಳಿಂದ ಪ್ರಯೋಜನವಾಗಿಲ್ಲವೆಂದು ಹೇಳಲಾಗದು. ದಕ್ಷಿಣ ಅಮೆರಿಕಾದ ಅರ್ಜೆಂಟೀನಾ, ಬ್ರೆಜಿಲ್, ಪರಾಗ್ವೆ, ಉರುಗ್ವೆ ದೇಶಗಳ ಕೆಳಗೆ ಹತ್ತು ಲಕ್ಷ ಚದರ ಕಿಲೋಮೀಟರಿಗೂ ಮೀರಿ ಹರಡಿರುವ ಗುವಾರಾನಿ ಜಲಧರವನ್ನು ಕುರಿತು ಆ ನಾಲ್ಕು ದೇಶಗಳು ೨೦೧೦ರಲ್ಲಿ ಮಾಡಿಕೊಂಡ ಒಪ್ಪಂದವು ಈ ಸೂತ್ರಗಳನ್ನು ಸ್ಮರಿಸಿಯೇ ಪ್ರಾರಂಭವಾಗುತ್ತದೆ. ಎಲ್ಲರ ಅನುಮೋದನೆಯೂ ದೊರೆತು ಅದು ಜಾರಿಗೆ ಬಂದುದು ೨೦೨೦ರಲ್ಲಿ. ವ್ಯಾಜ್ಯ ಹುಟ್ಟುವುದಕ್ಕೆ ಮುಂಚೆಯೇ ಕರಾರಾದುದು ಅದರ ಹೆಚ್ಚಳ.

೬. ನಮ್ಮ ಪಾಲಿಗೆ ಇದರ ಅರ್ಥ

ಇವೆಲ್ಲವೂ ದೂರದೇಶಗಳ ಮಾತೆಂದು ಓದುಗರು ಭಾವಿಸಬಾರದು. ಕಾವೇರಿಯ ನೀರನ್ನು ಹಂಚುವಾಗ ೨೦೦೭ರಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ ೨೭೦ ಟಿ.ಎಂ.ಸಿ., ತಮಿಳುನಾಡಿಗೆ ೪೧೯ ಟಿ.ಎಂ.ಸಿ. ಎಂದು ಗೊತ್ತುಮಾಡಿದಾಗ, ನೆಲದೊಳಗಿನ ನೀರನ್ನು ಆ ಲೆಕ್ಕಕ್ಕೆ ತಂದಿರಲಿಲ್ಲ. ೨೦೧೮ರ ಫೆಬ್ರುವರಿ ೧೬ರಂದು ಸುಪ್ರೀಂ ಕೋರ್ಟು, ತಮಿಳುನಾಡಿನ ನದೀಪ್ರದೇಶದಲ್ಲಿರುವ ಸುಮಾರು ೨೦ ಟಿ.ಎಂ.ಸಿ. ಅಂತರ್ಜಲದಲ್ಲಿ, ಅತಿಯಾಗಿ ಎತ್ತುವುದರ ಅಪಾಯವನ್ನೂ ನೆನೆದು, ೧೦ ಟಿ.ಎಂ.ಸಿ.ಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿತು. ಬೆಂಗಳೂರಿನ ಕುಡಿಯುವ ನೀರಿಗಾಗಿ ೪.೭೫ ಟಿ.ಎಂ.ಸಿ. ಸೇರಿ, ಕರ್ನಾಟಕದ ಪಾಲು ೨೮೪.೭೫ ಟಿ.ಎಂ.ಸಿ. ಆಯಿತು. ಜಿನೀವಾದವರು ೧೯೭೧ರಲ್ಲಿ ಎತ್ತಿದ ನೀರೆಲ್ಲವೂ ಅರ್ಧ ಟಿ.ಎಂ.ಸಿ.ಯಷ್ಟಾಗುವುದಿಲ್ಲವೆಂಬುದನ್ನು ನೆನೆದರೆ, ಈ ೧೦ರ ಬೆಲೆಯು ತಿಳಿಯುವುದು. ಒಂದು ಕಡೆಯ ಬಾವಿಯ ನೀರು ಇನ್ನೊಂದು ಕಡೆಯ ನಾಲೆಯ ನೀರನ್ನು ನಿರ್ಣಯಿಸಬಲ್ಲದೆಂಬುದು ಇದರಿಂದ ಸ್ಥಿರಪಟ್ಟಿತು.

ನಮ್ಮ ಸೀಮೆಯ ಬಹುಭಾಗವು ಗಟ್ಟಿಬಂಡೆಯ ನೆಲ. ಇಲ್ಲಿಯ ನೀರು ಜಿನೀವಾದ ಗರಸಿನಲ್ಲಿರುವಂತೆ ಒಂದೇ ಹಾಸಾಗಿರದೆ, ಬಿರುಕುಗಳಲ್ಲಿ ಹಂಚಿಹೋಗಿದೆ. ಆದಕಾರಣ ಇಲ್ಲಿ ಪಾಲುದಾರರಾಗುವವರು ದೇಶಗಳಲ್ಲ, ಅಕ್ಕಪಕ್ಕದ ಊರುಗಳು ಮತ್ತು ಅಕ್ಕಪಕ್ಕದ ಹಿಡುವಳಿಗಳು. ೨೦೧೧ರ ಕರ್ನಾಟಕ ಅಂತರ್ಜಲ ಕಾಯಿದೆಯು ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಯನ್ನು ತೋಡಿಸುವ ಮೊದಲು ಅನುಮತಿಯನ್ನು ಪಡೆಯಬೇಕೆಂದು ವಿಧಿಸಿದೆ. ಕಾನೂನು ತನ್ನ ಕೆಲಸವನ್ನು ಮಾಡಲಿ. ಊರಿನವರು ತಾವಾಗಿ ಮಾಡಬಹುದಾದ ಕೆಲಸಗಳು ಇವು:

(೧) ಊರಿನ ಕೆಲವು ಬಾವಿಗಳಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟವನ್ನು ಅಳೆದು ಪುಸ್ತಕದಲ್ಲಿ ಬರೆದಿಡುವುದು. ಅಳತೆಯಿಲ್ಲದೆ ಕರಾರಿಲ್ಲ. ಹಗ್ಗಕ್ಕೆ ಗುರುತನ್ನು ಕಟ್ಟಿ ಇಳಿಬಿಟ್ಟರೂ ತೆರೆದ ಬಾವಿಗೆ ಇಷ್ಟು ಸಾಕು.

(೨) ಕೆರೆ, ಗೋಕಟ್ಟೆ, ಹಳ್ಳದ ಮರಳು ಇವೇ ನಮ್ಮ ಇಂಗುವ ಜಾಗಗಳು. ಕೆರೆಯಂಗಳದ ಒತ್ತುವರಿಯನ್ನೂ ಹಳ್ಳದ ಮರಳನ್ನು ಬಗೆದು ಸಾಗಿಸುವುದನ್ನೂ ಮುಖಂಡರು ತಡೆಯತಕ್ಕದ್ದು. ಇಂಗುಗುಂಡಿಗೆ ಕೆನ್ನೀರನ್ನು ನೇರವಾಗಿ ಬಿಡದೆ, ಮೊದಲು ರೇವೆ ನಿಲ್ಲುವ ಚಿಕ್ಕ ಗುಂಡಿಯಲ್ಲಿ ತಿಳಿಯಾಗಿಸಿ ಬಿಡತಕ್ಕದ್ದು.

(೩) ಕುಡಿಯುವ ನೀರಿನ ಬಾವಿಯ ಸುತ್ತಮುತ್ತಲಲ್ಲಿ ಹೊಸ ಕೊಳವೆಬಾವಿಯನ್ನು ತೋಡಬಾರದೆಂದು ಊರಿನವರು ಸೇರಿ ನಿಶ್ಚಯಮಾಡಿಕೊಳ್ಳುವುದು.

(೪) ನೀರಿಂಗಿಸುವ ವೆಚ್ಚವನ್ನು ಅದರ ಫಲವನ್ನುಣ್ಣುವವರೆಲ್ಲರೂ ಹೊರುವಂತೆ ಗೊತ್ತುಮಾಡುವುದು. ಸಹಜವಾಗಿ ಸಲ್ಲುವ ಪಾಲು ಎಲ್ಲರಿಗೂ ಪುಕ್ಕಟೆ. ಅದಕ್ಕೆ ಮೀರಿ ಎತ್ತುವವನು ಎತ್ತಿದಷ್ಟಕ್ಕೆ ತಕ್ಕಂತೆ ಕೊಡಲಿ. ಜಿನೀವಾದವರ ತೊಡಕನ್ನು ಬಿಡಿಸಿದ ಸೂತ್ರವೇ ಇದು.

ಕೆರೆಯ ನೀರನ್ನು ಸರತಿಯಂತೆ ಹಂಚಿ, ನೀರುಗಂಟಿಯ ಮಾತನ್ನು ಬಡವರೂ ಬಲ್ಲಿದರೂ ಮನ್ನಿಸುತ್ತಿದ್ದ ಪದ್ಧತಿಯು ನಮ್ಮ ಹಿರಿಯರದು. ಅವರು ಹಂಚಿದ್ದು ಕಣ್ಣಿಗೆ ಕಾಣುವ ನೀರನ್ನು. ಕಾಣದ ನೀರನ್ನು ಹಂಚಿಕೊಳ್ಳಬೇಕಾದ ಹೊಣೆಯು ನಮ್ಮ ತಲೆಮಾರಿಗೆ ಬಂದಿದೆ. ಭಾಷೆ ಬೇರೆ, ಬಾವುಟ ಬೇರೆಯಾಗಿರುವ ಊರುಗಳು ಒಂದು ಲೆಕ್ಕದ ಪುಸ್ತಕವನ್ನು ನಂಬಿ ಇದನ್ನು ಸಾಧಿಸಿರಲಾಗಿ, ಒಂದೇ ಸಂತೆಗೆ ಹೋಗಿ ಒಂದೇ ಜಾತ್ರೆಯ ತೇರನ್ನು ಎಳೆಯುವ ನೆರೆಯ ಗ್ರಾಮಗಳಿಗೆ ಇದು ಅಸಾಧ್ಯವೆನ್ನಲು ಕಾರಣವಿಲ್ಲ. ಮುಂದಿನ ಬೇಸಗೆಯು ಬರುವುದಕ್ಕೆ ಮುಂಚೆ, ಮೊದಲನೆಯ ಅಳತೆಯನ್ನಾದರೂ ಪುಸ್ತಕಕ್ಕೆ ಏರಿಸುವುದು ಉಚಿತವು.